ಬೇಸ್‌ಮೆಂಟಿನಲ್ಲಿ ಕದಂ ತಾಲ್

ಸ್ವಾತಂತ್ರ್ಯ ದಿನಕ್ಕೆ ಮುಂಚೆ ಮಗಳ ಶಾಲೆಯಲ್ಲಿ ಐದು ದಿನಗಳ ಬ್ಯಾಂಡ್ ಶಿಬಿರ ಏರ್ಪಟ್ಟಿತು. ಮಕ್ಕಳನ್ನು ನೋಡಿಕೊಳ್ಳಲು ದಿನಕ್ಕೊಬ್ಬ ಪೋಷಕರು ಬರಬೇಕೆಂದು ಸುತ್ತೋಲೆ ಬಂತು. ಉಳಿದವರಿಗೆಲ್ಲ ಆಫೀಸಿತ್ತು. ನಾನು ಮನೆಯಲ್ಲೇ ಕುಳಿತು ಕೆಲಸ ಮಾಡುವವನು. ಶಾಲೆಯ ಲೆಕ್ಕದಲ್ಲಿ ಅದಕ್ಕೆ ನಿರುದ್ಯೋಗವೆಂದು ಹೆಸರು. ಹೀಗಾಗಿ ಐದೂ ದಿನ ನಾನೇ ಹಾಜರಾದೆ.

ಶಾಲೆಯ ಪರಿಚಯ ಪುಸ್ತಿಕೆಯ ಮುಖಪುಟದಲ್ಲಿ ಹಸಿರು ಮೈದಾನದ ಚಿತ್ರವಿದೆ. ಮೈದಾನ ಇದ್ದದ್ದೂ ಸುಳ್ಳಲ್ಲ. ಈಗ ಅಲ್ಲಿ ನಾಲ್ಕು ಮಹಡಿಯ ಹೊಸ ಕಟ್ಟಡ ಎದ್ದಿದೆ. ಮೂರನೆಯ ಮಹಡಿಯಲ್ಲಿ ಕ್ರೀಡಾ ವಿಭಾಗದ ಕಚೇರಿ ಇದೆ. ಬ್ಯಾಂಡಿನ ತಾಲೀಮಿಗೆ ಗೊತ್ತಾದ ಜಾಗ ಅದರ ಬೇಸ್‌ಮೆಂಟಿನ ಪಾರ್ಕಿಂಗ್. ಮೇಷ್ಟ್ರು ಸೇನೆಯ ಬ್ಯಾಂಡಿನಲ್ಲಿ ಬ್ಯೂಗಲ್ ಊದಿ ನಿವೃತ್ತರಾದ ಹವಾಲ್ದಾರರು. ಮೂವತ್ತೆರಡು ಮಕ್ಕಳನ್ನು ಮೂರು ಸಾಲಿನಲ್ಲಿ ನಿಲ್ಲಿಸಿ, ಎದುರಿಗಿದ್ದ ಕಾಂಕ್ರೀಟ್ ಕಂಬಗಳನ್ನು ಒಮ್ಮೆ ನೋಡಿ, "ಇಲ್ಲಿ ಮುಂದಕ್ಕೆ ಹೋಗುವುದಾಗದು ಸರ್. ಕದಂ ತಾಲ್ ಮಾಡಿಸುತ್ತೇನೆ" ಎಂದರು.

ಕದಂ ತಾಲ್ ಎಂದರೆ ಕಾಲೆತ್ತಿ ಅದೇ ಜಾಗದಲ್ಲಿ ಇಳಿಸುವುದು. ನಿಮಿಷಕ್ಕೆ 120 ಹೆಜ್ಜೆ, ಗಂಟೆಗೆ 7,200. ಕ್ರಮಿಸಿದ ದೂರ ಸೊನ್ನೆ. ಬೆಂಗಳೂರಿನ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಮೀನಿಗೆ ಈಜು ಕಲಿಸಿದ ಹಾಗೆ. ಎಲ್ಲರೂ ಶಾಲೆಯ ಬಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದರು.

ದೊಡ್ಡ ಡ್ರಮ್ಮಿನ ಮೊದಲ ಪೆಟ್ಟಿಗೆ ಪ್ರಾಂಶುಪಾಲರ ಕಾರು ಬಾಯಿ ಬಡಿದುಕೊಂಡಿತು. ಎರಡನೆಯ ಪೆಟ್ಟಿಗೆ ಅದರ ಪಕ್ಕದ್ದು ದನಿಗೂಡಿಸಿತು. ಮೂರನೆಯ ದಿನದ ಹೊತ್ತಿಗೆ ಮೇಷ್ಟ್ರು ಅವೆರಡನ್ನೂ ತಾಳಕ್ಕೆ ಸೇರಿಸಿಕೊಂಡಿದ್ದರು.

ಸಮವಸ್ತ್ರದ ಬಗ್ಗೆ ದೂರುವಂತಿರಲಿಲ್ಲ. ಬಿಳಿ ಕೈಗವಸು, ಜರಿಪಟ್ಟಿ, ಟೋಪಿಗೆ ಗೇಣುದ್ದದ ಕೆಂಪು ಗರಿ. ಏಳು ಡ್ರಮ್ಮುಗಳ ಪೈಕಿ ಮೂರರ ಮೈ ಹರಿದಿತ್ತು, ಅಷ್ಟೆ. ಹಣವೆಲ್ಲ ಗರಿಗೆ ಮುಗಿದಿದೆ, ಡ್ರಮ್ಮಿಗೆ ಮುಂದಿನ ವರ್ಷ ನೋಡೋಣ ಎಂದರು. ಫೋಟೋದಲ್ಲಿ ಗರಿ ಕಾಣುತ್ತದೆ, ಸದ್ದು ಕಾಣುವುದಿಲ್ಲ. ಮೇಷ್ಟ್ರು ರಟ್ಟಿನ ಪೆಟ್ಟಿಗೆಗೆ ಅಂಟಿಸುವ ಟೇಪು ತರಿಸಿದರು.

ಎರಡನೆಯ ದಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಬೇಸ್‌ಮೆಂಟಿಗೆ ಇಳಿದು ಬಂದರು. ಮುಖ್ಯ ಅತಿಥಿಗಳಿಗೆ ಇಷ್ಟವಾದ ಸಿನಿಮಾ ಹಾಡೊಂದನ್ನು ಬ್ಯೂಗಲ್‌ನಲ್ಲಿ ನುಡಿಸಬೇಕೆಂಬುದು ಅವರ ಆಸೆ. ಬ್ಯೂಗಲ್ ಎಂದರೆ ಸುತ್ತಿದ ಹಿತ್ತಾಳೆ ಕೊಳವೆ. ಟ್ರಂಪೆಟ್ಟಿಗಿರುವ ಮೂರು ಗುಂಡಿಗಳು ಅದಕ್ಕಿಲ್ಲ. ತುಟಿಯನ್ನು ಬಿಗಿದು ಸಡಿಲಿಸಿ ಊದಿದರೆ ಹೊರಡುವುದು ಷಡ್ಜ, ಪಂಚಮ, ಮೇಲಿನ ಷಡ್ಜ, ಗಾಂಧಾರ, ಮತ್ತೆ ಪಂಚಮ. ರಿಷಭ, ಮಧ್ಯಮ, ಧೈವತ, ನಿಷಾದಗಳಿಗೆ ಅಲ್ಲಿ ಪ್ರವೇಶವಿಲ್ಲ.

"ಮೈಸೂರಿನ ಪೊಲೀಸ್ ಬ್ಯಾಂಡಿನವರು ದಸರೆಯಲ್ಲಿ ಕರ್ನಾಟಕ ಸಂಗೀತವನ್ನೇ ಬಾರಿಸುತ್ತಾರಲ್ಲ?" ಎಂದರು ಕಾರ್ಯದರ್ಶಿಗಳು.

"ಅವರ ಹತ್ತಿರ ಬೇರೆ ವಾದ್ಯಗಳಿವೆ ಸರ್. ಇದರಲ್ಲಿ ಬರುವುದು ಸ, ಗ, ಪ ಮೂರೇ. ಉಳಿದ ನಾಲ್ಕು ಸ್ವರ ಬರುವುದಿಲ್ಲ."

ಕಾರ್ಯದರ್ಶಿಗಳು ಕ್ಷಣ ಯೋಚಿಸಿದರು. "ಅದಕ್ಕೇನಂತೆ ಮೇಷ್ಟ್ರೇ, ಇನ್ನೂ ನಾಲ್ಕು ಬ್ಯೂಗಲ್ ತರಿಸೋಣ."

ಮೇಷ್ಟ್ರು ಸಾವಧಾನದಲ್ಲಿ ನಿಂತು "ಆಗಲಿ ಸರ್" ಎಂದರು. ಸೇನೆಯಲ್ಲಿ ಇಂಥದ್ದಕ್ಕೂ ತರಬೇತಿ ಇರುತ್ತದೆಂದು ಕಾಣುತ್ತದೆ.

ಮಾರನೆಯ ಬೆಳಿಗ್ಗೆ ಪಕ್ಕದ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು ದೂರು ಹೊತ್ತು ಬಂದರು. ಶಬ್ದಮಾಲಿನ್ಯ ನಿಯಮಗಳು 2000ದಲ್ಲೇ ಜಾರಿಗೆ ಬಂದಿವೆ, ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಎಂದು ಅಂಗೈ ಮೇಲಿನ ನೆಲ್ಲಿಕಾಯಿಯಂತೆ ವಿವರಿಸಿದರು. ಅಂಕಿಗಳು ಸರಿಯಾಗಿಯೇ ಇದ್ದವು. ತೊಂದರೆಯೆಂದರೆ ಅವರು ಹೇಳಿದ್ದು ನಮಗೆ ಮೂರನೆಯ ಸಲಕ್ಕೆ ಕೇಳಿಸಿತು. ಗೋಡೆಯಾಚೆ ಲಾರಿಯೊಂದು ನಿಂತು ಬೆಳಗಿನಿಂದ ಕೊಳವೆಬಾವಿ ಕೊರೆಯುತ್ತಿತ್ತು.

"ಅದರ ಸದ್ದಿಲ್ಲವೇ ಸರ್?" ಎಂದು ಕೂಗಿ ಕೇಳಿದೆ.

"ಅದು ನಮ್ಮದೇ ಬೋರ್‌ವೆಲ್!" ಎಂದು ಅವರೂ ಕೂಗಿದರು.

ಕಬ್ಬನ್ ಪಾರ್ಕಿಗಾದರೂ ಹೋಗಬಾರದೇ ಎಂಬುದು ಅವರ ಸಲಹೆ. ಬ್ಯಾಂಡಿಗೆಂದೇ ಮಂಟಪ ಕಟ್ಟಿಸಿಕೊಂಡ ಊರು ನಮ್ಮದು: ಕಬ್ಬನ್ ಪಾರ್ಕಿನಲ್ಲೊಂದು, ಲಾಲ್‌ಬಾಗಿನಲ್ಲೊಂದು. ಬ್ರಿಟಿಷರ ಕಾಲದಲ್ಲಿ ಸೇನೆಯ ಬ್ಯಾಂಡು ಬಾರಿಸುತ್ತಿತ್ತಂತೆ, ಜನ ಸಂಜೆ ಹೋಗಿ ಕೂರುತ್ತಿದ್ದರಂತೆ. ಕಾರ್ಯದರ್ಶಿಗಳು ಹೋಗಿಬರುವ ಹೊತ್ತನ್ನು ಲೆಕ್ಕ ಹಾಕಿದರು. ಊದಲು ಉಳಿಯುವುದು ಇಪ್ಪತ್ತು ನಿಮಿಷ ಎಂದಾಯಿತು. ಕೊನೆಗೆ ಡ್ರಮ್ಮುಗಳಿಗೆ ಸ್ನಾನದ ಟವೆಲ್ ಹೊದಿಸಿ ಬಾರಿಸುವುದೆಂದು ರಾಜಿಯಾಯಿತು. ಹರಿದ ಮೂರು ಡ್ರಮ್ಮುಗಳ ಮರ್ಯಾದೆ ಇದರಿಂದ ಉಳಿಯಿತು.

ಆದರೆ ಶಿಬಿರದ ಬಹುಪಾಲು ಹೊತ್ತು ಹೋದದ್ದು ನಿಲ್ಲುವುದನ್ನು ಕಲಿಸುವುದಕ್ಕೆ. ಮಂಡಿಯನ್ನು ಬಿಗಿಯಾಗಿ ಲಾಕ್ ಮಾಡಿ ಅಲುಗಾಡದೆ ನಿಂತರೆ ರಕ್ತ ಕಾಲಿಗಿಳಿದು ತಲೆ ತಿರುಗುತ್ತದೆ. ಆದ್ದರಿಂದ ಮಂಡಿ ಕೂದಲೆಳೆಯಷ್ಟು ಸಡಿಲವಿರಬೇಕು, ಬೂಟಿನೊಳಗೆ ಬೆರಳುಗಳು ಆಡುತ್ತಿರಬೇಕು, ಹೊರಗಿನವರಿಗೆ ಮಾತ್ರ ಕಲ್ಲಿನ ಕಂಬ ಕಾಣಬೇಕು. "ಊದುವುದು ಎರಡು ನಿಮಿಷದ ಕೆಲಸ ಮಗು, ಕಾಯುವುದು ಎರಡು ಗಂಟೆಯದು" ಎಂದು ಮೇಷ್ಟ್ರು ನನ್ನ ಮಗಳಿಗೆ ಹೇಳುತ್ತಿದ್ದರು. ಅವರ ಅಂದಾಜು ಇಪ್ಪತ್ತು ನಿಮಿಷ ತಪ್ಪಿತು.

ಮೈದಾನವಿಲ್ಲದ್ದರಿಂದ ಆಗಸ್ಟ್ 15ರಂದು ಶಾಲೆಯ ಮುಂದಿನ ರಸ್ತೆಗೇ ಶಾಮಿಯಾನ ಹಾಕಿದರು. ಎಂಟು ಗಂಟೆಗೆ ಮಕ್ಕಳು ಸಾಲುಗಟ್ಟಿದರು. ಎಂಟೂವರೆಗೆ ಬರಬೇಕಿದ್ದ ಅತಿಥಿಗಳು ಒಂಬತ್ತಕ್ಕೆ "ಹೊರಟಿದ್ದಾರೆ", ಒಂಬತ್ತೂವರೆಗೆ "ಇನ್ನೇನು ಬಂದರು". ಸಣ್ಣಗೆ ಮಳೆ ಹನಿಸಿ ಗರಿಗಳೆಲ್ಲ ನೆಂದ ಕೋಳಿಯ ಬಾಲದಂತಾದವು. ಆಮೇಲೆ ಬಿಸಿಲು ಬಂದು ಇಬ್ಬರು ಹುಡುಗರು ಕುಸಿದರು. ಗ್ಲೂಕೋಸು ನಮ್ಮ ಚೀಲದಲ್ಲಿತ್ತು.

ತಿರುವಿನಲ್ಲಿ ಕಾವಲಿಗೆ ನಿಂತಿದ್ದ ಗುಮಾಸ್ತರು ಒಂಬತ್ತೂ ಮುಕ್ಕಾಲಿಗೆ ಕೈ ಬೀಸಿದರು. "ಬಿಳಿ ಗಾಡಿ!" ಮೇಷ್ಟ್ರ ಕೋಲು ಮೇಲಕ್ಕೆ ಹೋಯಿತು. ಬ್ಯೂಗಲ್‌ಗಳು ಒಂದೇ ಉಸಿರಿನಲ್ಲಿ ಸ, ಪ, ಸ ಎಂದು ಏರಿದವು, ಟೇಪು ಹಚ್ಚಿದ ಡ್ರಮ್ಮುಗಳೂ ಗುಡುಗಿದವು. ಐದು ದಿನಗಳಲ್ಲಿ ಅಷ್ಟು ಚೆನ್ನಾಗಿ ಒಮ್ಮೆಯೂ ಬಂದಿರಲಿಲ್ಲ. ಬಂದದ್ದು ಹೆಚ್ಚುವರಿ ಕುರ್ಚಿ ಹೊತ್ತ ಶಾಮಿಯಾನದವರ ಟೆಂಪೊ. ಚಾಲಕ ಇಳಿದವನು ಸೆಲ್ಯೂಟ್ ಹೊಡೆಯುತ್ತಿದ್ದ ಮಕ್ಕಳನ್ನು ನೋಡಿ ಕಂಗಾಲಾದ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕಂಕುಳಿಗೆ ಸಿಕ್ಕಿಸಿ, ಬಾರಿಸುವುದು ಮುಗಿಯುವವರೆಗೂ ನೆಟ್ಟಗೆ ನಿಂತ.

ಅತಿಥಿಗಳು ಬಂದಾಗ 10 ಗಂಟೆ 20 ನಿಮಿಷ. ಮೇಷ್ಟ್ರು ಕೋಲೆತ್ತುವಷ್ಟರಲ್ಲಿ ಆಪ್ತ ಸಹಾಯಕರು ಓಡಿ ಬಂದು ಎರಡೂ ಕೈ ಅಡ್ಡ ಹಿಡಿದರು. "ನಿಲ್ಲಿಸಿ, ನಿಲ್ಲಿಸಿ! ಸಾಹೇಬರು ಫೋನಿನಲ್ಲಿದ್ದಾರೆ!" ಸಾಹೇಬರು ಕಿವಿಗೆ ಮೊಬೈಲ್ ಒತ್ತಿಕೊಂಡು ಸಾಲಿನ ನಡುವೆ ಹಾದು ಹೋದರು. ಮಕ್ಕಳು ಸದ್ದಿಲ್ಲದೆ ಕದಂ ತಾಲ್ ಮಾಡಿದರು.

ಧ್ವಜ ಏರಿತು, 52 ಸೆಕೆಂಡಿನ ರಾಷ್ಟ್ರಗೀತೆ ಮುಗಿಯಿತು. ನಾಡಗೀತೆಗೆ ಎಷ್ಟು ಹೊತ್ತು ಬೇಕೆಂದು ಸಹಾಯಕರು ಕೇಳಿದರು. ಎಷ್ಟೋ ವರ್ಷ ಚರ್ಚಿಸಿ, ಜಗಳವಾಡಿ, 2022ರಲ್ಲಿ ಸರ್ಕಾರ ಅದಕ್ಕೆ 2 ನಿಮಿಷ 30 ಸೆಕೆಂಡ್ ಎಂದು ಗೊತ್ತುಮಾಡಿದೆ. ಪ್ರಾಂಶುಪಾಲರು ಅದನ್ನೇ ಹೇಳಿದರು. "ಒಂದರಲ್ಲಿ ಮುಗಿಸಿ, ಇನ್ನೊಂದು ಕಾರ್ಯಕ್ರಮವಿದೆ" ಎಂದರು ಸಹಾಯಕರು. ಮಕ್ಕಳು ಪೂರ್ತಿ ಹಾಡಿದರು. ಎರಡನೆಯ ನಿಮಿಷದಲ್ಲಿ ಕಾರು ಹೊರಟುಹೋಯಿತು.

ಸ್ಕೂಟರಿನಲ್ಲಿ ಮನೆಗೆ ಹಿಂತಿರುಗುವಾಗ ಮಗಳು ಗರಿಯ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತಿದ್ದಳು. ಸಿಗ್ನಲ್ಲಿನಲ್ಲಿ ಕೆಂಪು ಅಂಕಿ 140 ತೋರಿಸುತ್ತಿತ್ತು. ಪಕ್ಕಕ್ಕೆ ಅದೇ ಟೆಂಪೊ ಬಂದು ನಿಂತಿತು. ಚಾಲಕ ಇವಳನ್ನು ಗುರುತಿಸಿ, ಸ್ಟೇರಿಂಗಿನಿಂದ ಕೈ ತೆಗೆದು ಸೆಲ್ಯೂಟ್ ಹೊಡೆದ. ಇವಳು ಹೆಲ್ಮೆಟ್ಟಿಗೆ ಬೆರಳು ತಾಗಿಸಿ ಮರುಸೆಲ್ಯೂಟ್ ಕೊಟ್ಟಳು. ಅಂಕಿ 131ಕ್ಕೆ ಇಳಿದಿತ್ತು.