ರೇಸಿನ ಕಾಲಂ ಭರ್ತಿ, ಪಕ್ಕದ ಕಾಲಂ ಖಾಲಿ

ನಮ್ಮ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಒಂದೇ ರೇಸಿನಲ್ಲಿ) ಕ್ಲಬ್ಬಿನ "ವರ್ಷದ ಗುರಿ" ಸಭೆ ಮುಗಿಸಿ ಈಗ ತಾನೇ ಮನೆಗೆ ಬಂದೆ. ಎರಡು ಲೋಟ ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ. ಉಳಿದವರು ಓದದಿದ್ದರೂ ಬೇಜಾರಿಲ್ಲ, ಕ್ಲಬ್ಬಿನವರು ಮಾತ್ರ ಓದಲೇಬೇಕು.

ನಿಮಗೆ ಗೊತ್ತಲ್ಲ, ಕ್ಲಬ್ಬಿನ ಶೀಟು ನೋಡಿಕೊಳ್ಳುವ ಕೆಲಸ ನನ್ನ ತಲೆಗೇ ಕಟ್ಟಿದ್ದಾರೆ. ಬ್ಯಾಂಕಿನಲ್ಲಿ ದಿನವಿಡೀ ಎಕ್ಸೆಲ್ ನೋಡುವವಳಿಗೆ ಇನ್ನೊಂದು ಶೀಟು ಯಾವ ಲೆಕ್ಕ ಅಂತ. ಹೆಸರಿನ ಮುಂದೆ ಎರಡೇ ಕಾಲಂ ಇಟ್ಟಿದ್ದೆ. ಒಂದು, ಈ ವರ್ಷ ಯಾವ ರೇಸು. ಇನ್ನೊಂದು, ಅದಕ್ಕೆ ವಾರಕ್ಕೆ ಎಷ್ಟು ಗಂಟೆ, ಯಾವ ಯಾವ ದಿನ. ರೇಸಿನ ಕಾಲಂ ಒಂದೇ ರಾತ್ರಿಯಲ್ಲಿ ಭರ್ತಿ. ಗೋವಾ, ಮಲೇಷ್ಯಾ, ಒಬ್ಬರಂತೂ ನೇರ ಹವಾಯಿಯ ಕೋನಾ, ಅಂದರೆ ವಿಶ್ವ ಚಾಂಪಿಯನ್‌ಶಿಪ್! (ಕೋನಾಗೆ ಬೇರೆ ರೇಸಿನಲ್ಲಿ ಅರ್ಹತೆ ಗಿಟ್ಟಿಸಿಕೊಂಡು ಹೋಗಬೇಕು ಸ್ವಾಮಿ, ಮೆಜೆಸ್ಟಿಕ್ಕಿನಿಂದ ಬಸ್ಸಿಲ್ಲ.) ಪಕ್ಕದ ಕಾಲಂ? ಮೂರ್ನಾಲ್ಕು ಜನ ತುಂಬಿದ್ದಾರೆ. ಒಬ್ಬ "ನೋಡೋಣ" ಅಂತ ಬರೆದಿದ್ದಾನೆ. ಇನ್ನೊಬ್ಬ ತೋಳು ಉಬ್ಬಿಸಿದ ಇಮೋಜಿ ಹಾಕಿದ್ದಾನೆ. ವಾರಕ್ಕೆ ಎಷ್ಟು ಗಂಟೆ ಅಂತ ಕೇಳಿದರೆ ಇಮೋಜಿ!

ಇವತ್ತು ಕಬ್ಬನ್ ಪಾರ್ಕಿನ ಓಟ ಮುಗಿಸಿ, ದರ್ಶಿನಿಯ ಮುಂದೆ ಇಡ್ಲಿ ವಡೆ ಹಿಡಿದು ನಿಂತೇ ಸಭೆ. ನಮ್ಮ ಹುಡುಗನೊಬ್ಬ, ಹೆಸರು ಬೇಡ, ಚಟ್ನಿ ಹಾಕಿಸಿಕೊಂಡು ಬಂದು, "ಅಕ್ಕಾ, ಬರ್ಕೊಳಿ, ಈ ವರ್ಷ ನಂದು ಫುಲ್" ಅಂದ. ಫುಲ್ ಅಂದರೆ ಪೂರ್ತಿ ಐರನ್‌ಮ್ಯಾನ್ ರೇಸು: 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದಾದ ಮೇಲೆ 42.2 ಕಿಲೋಮೀಟರ್ ಓಟ. ಎಲ್ಲ ಸೇರಿ 17 ಗಂಟೆಯೊಳಗೆ.

"ಈಜು ಹೇಗಿದೆ ನಿಂದು?"

"ಅದೊಂದು ಮ್ಯಾನೇಜ್ ಮಾಡ್ತೀನಿ ಬಿಡಿ ಅಕ್ಕಾ."

ಮ್ಯಾನೇಜ್! ಮೊನ್ನೆ ತಾನೇ ಈಜುಕೊಳದಲ್ಲಿ ಪಕ್ಕದ ಲೇನಿನಿಂದ ಇವನನ್ನು ನೋಡಿದ್ದೇನೆ. ಆ ತುದಿ ಮುಟ್ಟುತ್ತಾನೆ, ಗೋಡೆ ಹಿಡಿಯುತ್ತಾನೆ, ಗಾಗಲ್ಸ್ ಹಣೆಗೆ ಏರಿಸುತ್ತಾನೆ, ಗಡಿಯಾರ ನೋಡುತ್ತಾನೆ, ಲೈಫ್‌ಗಾರ್ಡ್ ಹತ್ತಿರ ಕ್ರಿಕೆಟ್ ಸ್ಕೋರ್ ಕೇಳುತ್ತಾನೆ. ಆಮೇಲೆ ವಾಪಸ್ ಹೊರಡುತ್ತಾನೆ. ಅರ್ಧ ಐರನ್‌ಮ್ಯಾನಿನ 1.9 ಕಿಲೋಮೀಟರೇ 25 ಮೀಟರ್ ಕೊಳದಲ್ಲಿ 76 ಸಲ ಆಗುತ್ತದೆ. ಅಂದರೆ ಗೋಡೆ ಒದ್ದು ಮುಂದಕ್ಕೆ ಜಾರುವ ಅವಕಾಶ 75 ಸಲ. ಸಮುದ್ರದಲ್ಲಿ ಒಂದೂ ಇಲ್ಲ. ಅಲೆ ಇದೆ, ಉಪ್ಪು ನೀರಿದೆ, ಪಕ್ಕದವನ ಮೊಣಕೈ ಇದೆ. ಆ ಅರ್ಧವನ್ನೇ 1 ಗಂಟೆ 10 ನಿಮಿಷದಲ್ಲಿ ಮುಗಿಸಿ ದಡ ಸೇರದಿದ್ದರೆ ಸೈಕಲ್ ಮುಟ್ಟಲೂ ಬಿಡುವುದಿಲ್ಲ. ಬೆಂಗಳೂರಿನವರಿಗೆ ಸಮುದ್ರ ಇಲ್ಲ, ಅಭ್ಯಾಸಕ್ಕೆ ಕೆರೆಯೂ ಇಲ್ಲ. ಬೆಳ್ಳಂದೂರಿನ ನೊರೆಯಲ್ಲಿ ಈಜೋಣ ಅಂದರೆ ಬೇಡ, ಆ ಮಾತೇ ಬೇಡ. ಹಾಗಿರುವಾಗ ಇರುವ ಕೊಳದಲ್ಲಾದರೂ ಯಾವ ದಿನ, ಎಷ್ಟು ಹೊತ್ತು ಅಂತ ಬರೆಯಬೇಕಲ್ವಾ? ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ, ಈತ ಫಿನಿಶರ್ ಫೋಟೋಗೆ ಯಾವ ಬಣ್ಣದ ಟ್ರೈಸೂಟು (ರೇಸಿಗೆ ಹಾಕುವ ಉಡುಪು) ಅಂತ ಗ್ರೂಪಿನಲ್ಲಿ ಕೇಳುತ್ತಿದ್ದಾನೆ.

ಈ ಊರಿನಲ್ಲಿ ಆ ಖಾಲಿ ಕಾಲಂ ಯಾಕೆ ಮುಖ್ಯ ಅಂತ ಇಲ್ಲಿ ವರ್ಷ ಕಳೆದವರಿಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಏಪ್ರಿಲ್, ಮೇ ಬಂತು ಅಂದರೆ ಕೊಳಗಳೆಲ್ಲ ಬೇಸಿಗೆ ಶಿಬಿರದ ಮಕ್ಕಳ ಪಾಲು. ಲೇನ್ ಬಿಡಿ, ಕಾಲಿಡಲು ಜಾಗ ಇರುವುದಿಲ್ಲ. ಈಜು ಸುಧಾರಿಸಬೇಕು ಅಂದರೆ ಈಗಲೇ, ನೀರು ಕೊರೆಯುವಾಗಲೇ, ಇಳಿಯಬೇಕು. ಜೂನ್ ಆದ ಮೇಲೆ ಮಳೆ. ರಸ್ತೆಯ ಗುಂಡಿ ಯಾವುದು, ನೀರು ನಿಂತಿದ್ದು ಯಾವುದು ಅಂತ ಗೊತ್ತಾಗುವುದು ಬಿದ್ದ ಮೇಲೇ. ಉದ್ದನೆಯ ಸೈಕಲ್ ರೈಡುಗಳಿಗೂ ಈ ತಂಪು ಬೆಳಗುಗಳೇ ಬೇಕು. ಗೋವಾ ರೇಸು ಮಳೆಗಾಲದ ಬೆನ್ನಿಗೇ ಬರುತ್ತದೆ. ಅಲ್ಲಿಯ ಸೆಕೆಗೆ ನಮ್ಮ ಎತ್ತರದ ಊರಿನ ಮೈ ಒಗ್ಗಬೇಕು. ಇದನ್ನೆಲ್ಲ ಹಿಂದಿನಿಂದ ಎಣಿಸಿಕೊಂಡು ಬಂದರೆ ಕೈಯಲ್ಲಿ ಉಳಿಯುವ ವಾರಗಳು ಕಡಿಮೆ. ನಮ್ಮವರು ಎಣಿಸುವುದೇ ಇಲ್ಲ. ಎಲ್ಲದಕ್ಕೂ ಉತ್ತರ ನಂದಿ ಬೆಟ್ಟ. ಭಾನುವಾರ ಬೆಟ್ಟ ಹತ್ತು, ಮೇಲೆ ಫೋಟೋ ತೆಗಿ, ಇಳಿದು ಬಂದು ದೋಸೆ ತಿನ್ನು, ಸೋಮವಾರದಿಂದ ಶನಿವಾರದವರೆಗೆ ಆಫೀಸು.

ಟೈಮ್ ಇಲ್ಲ ಅಂತ ಯಾರೂ ಹೇಳುವುದಿಲ್ಲ, ಅದೇ ತಮಾಷೆ. 2024ರಲ್ಲಿ ತೇಜಸ್ವಿ ಸೂರ್ಯ ಗೋವಾದ ಅರ್ಧ ಐರನ್‌ಮ್ಯಾನ್ ಮುಗಿಸಿದ ಮೇಲೆ "ಎಂಪಿಗೇ ಟೈಮ್ ಸಿಗುತ್ತೆ, ನಮಗೆ ಸಿಗಲ್ವಾ" ಅನ್ನುವ ಮಾತು ನಮ್ಮ ಗ್ರೂಪಿನಲ್ಲಿ ಜಾಸ್ತಿಯಾಯಿತು. ಸಿಗುತ್ತೆ ಕಣ್ರಪ್ಪ. ಯಾವ ದಿನ, ಎಷ್ಟು ಗಂಟೆಗೆ ಸಿಗುತ್ತೆ ಅಂತಲೇ ನಾನೂ ಕೇಳುತ್ತಿರುವುದು. (ಕಾಮೆಂಟಿನಲ್ಲಿ ರಾಜಕೀಯ ಬೇಡ, ಡಿಲೀಟ್ ಮಾಡುತ್ತೇನೆ.)

"ದೊಡ್ಡ ಗುರಿ ಇಟ್ಟರೆ ಅಭ್ಯಾಸ ತಾನಾಗೇ ಬರುತ್ತೆ, ದುಡ್ಡು ಕಟ್ಟಿದ ಮೇಲೆ ಭಯಕ್ಕಾದರೂ ಏಳ್ತೀವಿ" ಅಂತ ನಮ್ಮ ಹಿರಿಯರೊಬ್ಬರು ವಾದ ಹೂಡಿದರು. ಕೆಲವರಿಗೆ ಇದು ನಿಜ, ಒಪ್ಪಿದೆ. ಆದರೆ ಜನವರಿಯಲ್ಲಿ ಜಿಮ್ಮಿಗೆ ದುಡ್ಡು ಕಟ್ಟಿದವರೆಲ್ಲ ಮಾರ್ಚಿನಲ್ಲಿ ಎಲ್ಲಿರುತ್ತಾರೆ ಸರ್? ಅಷ್ಟಕ್ಕೇ ಬಿಡಲಿಲ್ಲ ಅವರು. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆದದ್ದೇ ಮಾತಿಗೆ ಮಾತು ಬೆಳೆದು, ಅವರೇನು ಶೀಟು ತುಂಬಿದ್ದರಾ ಅಂದರು. ಎಲ್ಲರೂ ಹೋ ಅಂದರು. ಹೌದು, ಹೊರಟವರು 15 ಜನ, ಮುಗಿಸಿದವರು 12. ಎರಡನೆಯವನಾಗಿ ಬಂದ ಡನ್‌ಬಾರ್ ನೀರು ಖಾಲಿಯಾಗಿ ಬಿಯರ್ ಕುಡಿದುಕೊಂಡು ಓಡಿದ್ದ. ಆದರೆ ಆತ ಅಮೆರಿಕದ ನೌಕಾಪಡೆಯ ಸೀಲ್ ಕಮಾಂಡೋ ಆಗಿದ್ದವನು. ರೇಸು ಹುಟ್ಟಿಸಿದ ಕಾಲಿನ್ಸ್ ಕೂಡ ನೌಕಾಪಡೆಯವರು. ಅವರಿಗೆ ಸಮುದ್ರ ಮನೆಯ ಹಿತ್ತಲು. ನಮ್ಮಲ್ಲಿ ಬಿಯರ್ ಭಾಗಕ್ಕೆ ಮಾತ್ರ ತಯಾರಿ ಚೆನ್ನಾಗಿದೆ.

ನನಗೆ ಇಷ್ಟು ಉರಿಯುವುದು ಯಾಕೆ ಅಂದರೆ, ನಾನು ಈ ಆಟಕ್ಕೆ ರೇಸಿಗಾಗಿ ಬಂದವಳೇ ಅಲ್ಲ. ಅಪ್ಪ ತೀರಿಕೊಂಡ ವರ್ಷ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಬಂದವರೆಲ್ಲ ಸಮಾಧಾನ ಹೇಳುವವರೇ. ನೀರೊಳಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಅಲ್ಲಿ ಅತ್ತರೆ ಗಾಗಲ್ಸ್ ಮಬ್ಬಾಗುತ್ತೆ, ಅಷ್ಟೇ. ಮಂಗಳವಾರ, ಗುರುವಾರ, ಶನಿವಾರ ಅಂತ ದಿನ ಗೊತ್ತಾಗಿತ್ತು, ಹೋಗುತ್ತಿದ್ದೆ. ರೇಸು ಅಂತ ಒಂದಿದೆ ಅನ್ನುವುದು ತಲೆಗೆ ಬಂದದ್ದೇ ಎಷ್ಟೋ ಕಾಲದ ಮೇಲೆ. ಸರಿ, ಇದು ಇಲ್ಲಿಗೆ ಸಾಕು.

ಇನ್ನು ಕ್ಲಬ್ಬಿನ ಗುರಿ. "ಈ ವರ್ಷ ನಮ್ಮ ಕ್ಲಬ್ಬಿನಿಂದ ಇಪ್ಪತ್ತು ಐರನ್‌ಮ್ಯಾನ್" ಅಂತ ಬ್ಯಾನರಿಗೆ ಬರೆಸುವ ಮಾತು ನಡೆಯಿತು. ಸ್ಪ್ರಿಂಟ್ ದೂರ ಮಾಡೋಣ, 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ, ಎಲ್ಲರೂ ಮುಗಿಸುವ ಹಾಗೆ, ಅಂದೆ. ಮುಖ ನೋಡಬೇಕಿತ್ತು! ಐರನ್‌ಮ್ಯಾನ್ ಮುಗಿಸಿದವರ ಹಾಗೆ ಸ್ಪ್ರಿಂಟಿಗೆ ಕಾಲ ಮೇಲೆ ಟ್ಯಾಟೂ ಹಾಕಿಸಿಕೊಳ್ಳಲು ಆಗುವುದಿಲ್ಲವಲ್ಲ. ಸರಿ, ಟ್ಯೂಬು ಬದಲಿಸುವುದನ್ನಾದರೂ ಎಲ್ಲರೂ ಕಲಿಯೋಣ ಅಂದೆ. ಏರ್‌ಪೋರ್ಟ್ ರಸ್ತೆಯಲ್ಲಿ ಪಂಕ್ಚರ್ ಆದರೆ ಲಕ್ಷಾಂತರ ರೂಪಾಯಿಯ ಸೈಕಲ್ಲನ್ನು ಆಟೋದಲ್ಲಿ ಹೇರಿಕೊಂಡು ಬರುವ ಗಂಡಸರು ನಮ್ಮಲ್ಲಿದ್ದಾರೆ. "ಅಕ್ಕ ತುಂಬಾ ನೆಗೆಟಿವ್" ಅಂತ ಹಿಂದಿನಿಂದ ಯಾರೋ ಅಂದರು. ಯಾರು ಅಂತ ದನಿಯಲ್ಲೇ ಗೊತ್ತಾಯಿತು.

ನೆಗೆಟಿವ್ ಅಂತೆ. ಆಗಲಿ. ಮನೆಗೆ ಬಂದ ತಕ್ಷಣ ಶೀಟು ಬದಲಿಸಿದ್ದೇನೆ. ದಿನ, ಗಂಟೆ ತುಂಬದವರ ರೇಸು ಅಳಿಸಿದ್ದೇನೆ. ಕೋನಾ ಕೂಡ. ಬೈಯಬೇಕಾದವರು ಫೋನ್ ಮಾಡಿ, ಗ್ರೂಪಿನಲ್ಲಿ ಬೇಡ. ಬರುವ ಶನಿವಾರ ಸಂಜೆ ನಮ್ಮ ಮನೆ ಮಹಡಿಯ ಮೇಲೆ ಪಂಕ್ಚರ್ ಪಾಠ ಇದೆ. ಟೈರ್ ಲಿವರ್ ನಾನು ಕೊಡುತ್ತೇನೆ, ಟ್ಯೂಬು ನೀವೇ ತನ್ನಿ.