ಎರಡೂವರೆ ಗುಂಟೆಯ ಕರಾರು

ನಮ್ಮದಲ್ಲದ ನೆಲದಲ್ಲಿ ತರಕಾರಿ ಬೆಳೆಯೋಕೆ ಶುರು ಮಾಡಿ ಇದು ಆರನೇ ವರ್ಷ. ಇಂಗ್ಲೆಂಡಿನಲ್ಲಿ ಇದನ್ನು ಅಲಾಟ್‌ಮೆಂಟ್ ಅಂತಾರೆ. ಊರಿನ ಕೌನ್ಸಿಲ್ ಒಂದು ದೊಡ್ಡ ಜಮೀನನ್ನು ತಾಕು ತಾಕಾಗಿ ಭಾಗ ಮಾಡಿ ವರ್ಷದ ಬಾಡಿಗೆಗೆ ಕೊಡುತ್ತದೆ. ಹೆಸರು ಬರೆಸಿ ಮೂರು ವರ್ಷ ಕಾದ ಮೇಲೆ ನಮ್ಮ ಸರದಿ ಬಂತು. ಒಂದು ಪೂರ್ತಿ ತಾಕು ಅಂದರೆ ಇಲ್ಲಿನ ಹಳೇ ಅಳತೆಯಲ್ಲಿ ಹತ್ತು ಚದರ ರಾಡ್, ಸುಮಾರು 250 ಚದರ ಮೀಟರ್. ಎಕರೆಗೆ ಇವರದು 160 ಚದರ ರಾಡ್, ನಮ್ಮದು 40 ಗುಂಟೆ. ಹಾಗಾಗಿ ಕೋಲಾರದ ಲೆಕ್ಕದಲ್ಲಿ ನನಗೆ ಸಿಕ್ಕಿದ್ದು ಸರಿಯಾಗಿ ಎರಡೂವರೆ ಗುಂಟೆ.

ಜೊತೆಗೆ ಒಂಬತ್ತು ಪುಟದ ಕರಾರು ಪತ್ರವೂ ಕೈಗೆ ಬಂತು. ಬಾಡಿಗೆಯ ವಿಷಯ ಅದರಲ್ಲಿ ಎರಡೇ ಸಾಲು. ಉಳಿದಿದ್ದೆಲ್ಲ ನೆಲವನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದು. ಶೆಡ್ ಎಷ್ಟು ದೊಡ್ಡದಿರಬಹುದು, ಯಾವ ಹಣ್ಣಿನ ಮರ ಹಾಕಬಹುದು, ಬೆಂಕಿ ಯಾವಾಗ ಹಾಕಬಾರದು. ಹಳೇ ಟೈರು, ಹಳೇ ಕಾರ್ಪೆಟ್ ತಂದು ಹಾಸಬಾರದು. ಕೋಳಿ ಸಾಕಬಹುದು, ಹುಂಜ ಕೂಡದು. ಈ ಕೋಳಿಯ ಮಾತು ಕೌನ್ಸಿಲ್‌ನವರು ಹುಟ್ಟಿಸಿದ್ದಲ್ಲ, 1950ರ ಕಾಯ್ದೆಯಲ್ಲೇ ಇದೆ. ಬೆಳೆದದ್ದು ಮುಖ್ಯವಾಗಿ ಮನೆಯವರು ತಿನ್ನೋದಕ್ಕೆ, ವ್ಯಾಪಾರಕ್ಕಲ್ಲ ಅನ್ನೋದು 1922ರ ಕಾಯ್ದೆಯ ಮಾತು.

ಆದರೆ ಎಲ್ಲಕ್ಕಿಂತ ಮುಖ್ಯವಾದ ಷರತ್ತು ಬೇರೆ. ಬೆಳೆಯಬೇಕು. ನಮ್ಮ ಕರಾರಿನ ಪ್ರಕಾರ ಮೊದಲ ವರ್ಷ ಕಾಲು ಭಾಗ, ಆಮೇಲೆ ಮುಕ್ಕಾಲು ಭಾಗ ಸಾಗುವಳಿಯಲ್ಲಿರಬೇಕು. ವರ್ಷಕ್ಕೆ ಎರಡು ಸಲ ಬಂದು ನೋಡುತ್ತಾರೆ. ಬೀಳು ಬಿಟ್ಟರೆ ನೋಟಿಸ್. ಆಗಲೂ ಸರಿಮಾಡದಿದ್ದರೆ ಒಂದು ತಿಂಗಳ ಗಡುವಿನಲ್ಲಿ ಬಿಟ್ಟುಕೊಡಬೇಕಾಗಬಹುದು. ಬಾಡಿಗೆ 40 ದಿನ ಬಾಕಿ ಉಳಿಸಿಕೊಂಡವರಿಗೂ ಅಷ್ಟೇ. ಕಾಸು ಕೊಟ್ಟಿದ್ದೀನಲ್ಲ, ನಾನು ಏನು ಬೇಕಾದರೂ ಮಾಡ್ತೀನಿ ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಇದು ನನಗೆ ತುಂಬಾ ಸರಿ ಅನಿಸುತ್ತದೆ. ಹೊರಗೆ ಜನ ವರ್ಷಗಟ್ಟಲೆ ಕಾಯುತ್ತಿರುವಾಗ, ಒಬ್ಬರು ಸುಮ್ನೆ ಹೆಸರಿಗೆ ಹಿಡಿದುಕೊಂಡು ಕೂರೋದು ನ್ಯಾಯ ಅಲ್ಲ.

ಆ ನೋಟಿಸ್ ಒಂದು ಸಲ ನನಗೇ ಬಂತು. ಮೂರನೇ ವರ್ಷ ಜೂನ್‌ನಲ್ಲಿ ಅಪ್ಪ ಬಿದ್ದು ಸೊಂಟ ಮುರಿದುಕೊಂಡರು. ನಾನು ಊರಿಗೆ ಹೊರಟವನು ವಾಪಸ್ ಬಂದಿದ್ದು ಏಳು ವಾರದ ಮೇಲೆ. ಅಷ್ಟರಲ್ಲಿ ಬೈಂಡ್‌ವೀಡ್ ಅನ್ನೋ ಬಳ್ಳಿ ಹುರುಳಿಕಾಯಿಯ ಕೋಲುಗಳನ್ನೆಲ್ಲ ಸುತ್ತಿ, ಬಿಳಿ ಹೂ ಬಿಟ್ಟು ನಿಂತಿತ್ತು. ಅದರ ಬೇರು ದಪ್ಪ ಶಾವಿಗೆಯ ಹಾಗೆ, ಬೆಳ್ಳಗೆ. ಎಳೆದರೆ ಪಟ್ ಅಂತ ಮುರಿಯುತ್ತದೆ. ಬೆರಳಿನ ಉಗುರಿನಷ್ಟು ಚೂರು ಮಣ್ಣಲ್ಲಿ ಉಳಿದರೂ ಮತ್ತೆ ಚಿಗುರುತ್ತದೆ. ಸನಿಕೆ ಹಾಕಿದರೆ ಒಂದು ಬೇರು ಹತ್ತಾಗುತ್ತದೆ. ಮುಳ್ಳುಗುದ್ದಲಿಯಂಥ ಫೋರ್ಕ್‌ನಲ್ಲಿ ಮಣ್ಣು ಸಡಿಲ ಮಾಡಿ, ಕೈಯಲ್ಲೇ ಬಿಡಿಸಿಕೊಂಡು ಹೋಗಬೇಕು. ಒಂದು ಮಡಿಗೆ ಒಂದು ಪೂರ್ತಿ ಭಾನುವಾರ ಹಿಡಿಯಿತು.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಇವರು ಕಳೆಯ ಲೆಕ್ಕ ಹಾಕ್ತಿದ್ದರಾ ಅಂತ ನೋಟಿಸ್ ನೋಡಿ ಸಿಟ್ಟು ಬಂತು. ಆಮೇಲೆ ಕರಾರು ತೆಗೆದು ಓದಿದೆ. ಕಾಯಿಲೆಯೋ ದೂರದ ಪ್ರಯಾಣವೋ ಇದ್ದರೆ ತಿಳಿಸಿ, ಸಮಯ ಕೊಡುತ್ತೇವೆ ಅಂತ ಅದರಲ್ಲೇ ಇತ್ತು. ನಾನು ತಿಳಿಸಿರಲಿಲ್ಲ. ತಿಳಿಸಬೇಕು ಅಂತ ಹೊಳೆದೂ ಇರಲಿಲ್ಲ. ಯಾಕಂದರೆ ನಮ್ಮೂರಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಒಂದು ಮನೆಯಲ್ಲಿ ಕಾಯಿಲೆ ಅಂದರೆ ಸಂಜೆಯೊಳಗೆ ಕೇರಿಗೆಲ್ಲ ಗೊತ್ತು. ದೊಡ್ಡಪ್ಪನ ಮಕ್ಕಳು ಬಂದು ರಾಗಿಗೆ ಕುಂಟೆ ಹೊಡೆದು ಹೋಗ್ತಿದ್ದರು. ಅವರ ಹೊಲದ ಕೆಲಸಕ್ಕೆ ನಾವು ಹೋಗಿ ಮುಯ್ಯಿ ತೀರಿಸ್ತಿದ್ದೆವು. ಮುಯ್ಯಾಳು ಪದ್ಧತಿಗೆ ಕಾಗದ ಇರಲಿಲ್ಲ, ಲೆಕ್ಕ ಮಾತ್ರ ಎಲ್ಲರಿಗೂ ನೆನಪಿರ್ತಿತ್ತು. ಈಗ ನಮ್ಮೂರಲ್ಲೂ ಅದು ಹೆಚ್ಚುಕಡಿಮೆ ನಿಂತಿದೆ. ಕೂಲಿಗೆ ಆಳು ಕರೆಯಬೇಕು, ಆಳು ಸಿಗೋದಿಲ್ಲ.

ಆ ಏಳು ವಾರದಲ್ಲಿ ನನ್ನ ತಾಕಿನ ಅಂಚಿನ ಹುಲ್ಲು ಮಾತ್ರ ಬೆಳೆದಿರಲಿಲ್ಲ. ಪಕ್ಕದ ತಾಕಿನ ಹಿರಿಯರು ತಮ್ಮ ಪಾಲಿನ ದಾರಿ ಕತ್ತರಿಸುವಾಗ ನನ್ನ ಪಾಲನ್ನೂ ಕತ್ತರಿಸಿದ್ದರು. ನಾನು ಥ್ಯಾಂಕ್ಸ್ ಹೇಳಿದರೆ, ಮುಂದಿನ ವರ್ಷ ನನ್ನ ಮಂಡಿ ಆಪರೇಷನ್ ಇದೆ, ಆಗ ನೀವು ಮಾಡಿ ಅಂದರು. ಮಾಡಿದೆ.

ಈ ದಾರಿಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಎರಡು ತಾಕುಗಳ ನಡುವೆ ಎರಡಡಿ ಅಗಲದ ಹುಲ್ಲಿನ ದಾರಿ ಇರುತ್ತದೆ. ಇಲ್ಲಿ ಅದರ ಅರ್ಧ ಈ ಕಡೆಯವರ ಜವಾಬ್ದಾರಿ, ಇನ್ನರ್ಧ ಆ ಕಡೆಯವರದು. ಆದರೆ ದಾರಿ ಇಬ್ಬರದೂ ಅಲ್ಲ. ನಮ್ಮೂರ ಕಡೆ ಬದು ಅಂದ ಕೂಡಲೇ ಏನು ನೆನಪಾಗುತ್ತೆ? ಪ್ರತಿ ವರ್ಷ ಉಳುವಾಗ ಒಂದು ಗೇಣು ಬದು ಕೊರೆಯೋರು, ಸರ್ವೆಯವರು ಬಂದು ಕಲ್ಲು ಹುಡುಕೋದು, ಅಣ್ಣ ತಮ್ಮಂದಿರು ಮಾತು ಬಿಡೋದು. ಅದೇ ಬದುವಿನ ಮೇಲೆ ಹಸುವಿಗೆ ಹುಲ್ಲೂ ಬೆಳೀತಿತ್ತು, ಹೊಂಗೆ ಮರವೂ ಇರ್ತಿತ್ತು. ಆ ಬದು ಯಾರದು ಅಂತ ಎಲ್ಲರೂ ಜಗಳ ಆಡಿದರು, ಅದನ್ನು ನೋಡಿಕೊಳ್ಳೋದು ಯಾರ ಕೆಲಸ ಅಂತ ಯಾರೂ ಬರೆದಿಡಲಿಲ್ಲ.

ನೀರಿನಲ್ಲಿ ಮಾತ್ರ ನಮ್ಮವರೇ ಮುಂದೆ ಇದ್ದರು ಅಂತ ನನ್ನ ಅಭಿಪ್ರಾಯ. ಇಲ್ಲಿ ನಮಗೆ ಪೈಪ್ ಹಾಕುವ ಹಾಗಿಲ್ಲ. ತೊಟ್ಟಿಯಿಂದ ಕ್ಯಾನ್‌ನಲ್ಲಿ ಹೊತ್ತು ಹಾಕಬೇಕು. ಮೊದಲು ಬಂದವರಿಗೆ ತೊಟ್ಟಿ ತುಂಬಿರುತ್ತದೆ. ಬಿಸಿಲು ಜೋರಾದ ವಾರ, ಕೆಲಸ ಮುಗಿಸಿ ಸಂಜೆ ಬರುವವರಿಗೆ ತಳದ ಪಾಚಿ ನೀರು. ನಮ್ಮ ಕೆರೆ ಅಚ್ಚುಕಟ್ಟಿಗೆ ನೀರುಗಂಟಿ ಇರುತ್ತಿದ್ದರು. ತೂಬು ಎತ್ತೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡೋದು ಅವರ ಕೆಲಸ. ಕೆರೆಯಲ್ಲಿ ನೀರು ಕಡಿಮೆ ಇದ್ದ ವರ್ಷ ಎಲ್ಲರ ಪಾಲೂ ಕಡಿಮೆಯಾಗ್ತಿತ್ತು. ಇಲ್ಲಿನ ಅಲಾಟ್‌ಮೆಂಟ್ ಕಮಿಟಿ ಸಭೆಯಲ್ಲಿ ನಾನು ಇದನ್ನೇ ವಿವರಿಸಿದೆ. ಈಗ ಜುಲೈ, ಆಗಸ್ಟ್‌ನಲ್ಲಿ ಒಂದು ತೊಟ್ಟಿಯನ್ನು ಸಂಜೆ ಬರುವವರಿಗೆ ಅಂತ ಬಿಡುತ್ತೇವೆ.

ಇನ್ನೊಂದು ನಿಯಮ ಓದಿದಾಗ ನನಗೆ ಊರಿನ ತಾತನ ಕಾಲವೇ ಕಣ್ಮುಂದೆ ಬಂತು. ಕೌನ್ಸಿಲ್ ತನಗೆ ನೆಲ ವಾಪಸ್ ಬೇಕು ಅಂತ ಬಾಡಿಗೆದಾರರನ್ನು ಬಿಡಿಸಬೇಕಾದರೆ, ಸಾಮಾನ್ಯವಾಗಿ 12 ತಿಂಗಳ ನೋಟಿಸ್ ಕೊಡಬೇಕು. ಆ ಗಡುವು ಏಪ್ರಿಲ್ 6ರ ಒಳಗೆ ಮುಗಿಯಬೇಕು, ಇಲ್ಲವೇ ಸೆಪ್ಟೆಂಬರ್ 29ರಂದೋ ಆಮೇಲೋ ಮುಗಿಯಬೇಕು. ಅಂದರೆ ಬೆಳೆ ನಿಂತಿರುವಾಗ ಎಬ್ಬಿಸುವ ಹಾಗಿಲ್ಲ. ನಮ್ಮ ತಾತ ಗೇಣಿದಾರರು. ಇಂಥ ಯಾವ ರಕ್ಷಣೆಯೂ ಇಲ್ಲದೆ ವರ್ಷ ವರ್ಷ ಒಡೆಯರ ಬಾಯಿಮಾತಿನ ಮೇಲೆ ಬದುಕಿದವರು. 1974ರಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ, ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು ಉಳುವವರಿಗೇ ಹೊಲ ಅಂತಾದಾಗ ಎರಡು ಎಕರೆ ನಮ್ಮ ಮನೆಗೆ ಬಂತು. ಅಪ್ಪ ಓದಿದ್ದು, ನಾನು ಇಲ್ಲಿಗೆ ಬಂದಿದ್ದು ಎಲ್ಲ ಆ ಎರಡು ಎಕರೆಯಿಂದ. ಆ ಕಾಯ್ದೆಯ ಬಗ್ಗೆ ನಾನು ಒಂದು ಕೆಟ್ಟ ಮಾತನ್ನೂ ಆಡಲಾರೆ.

ಆದರೆ ಅಲ್ಲಿಂದಾಚೆಗೆ ನಮ್ಮಲ್ಲಿ ಒಂದು ಭಯ ಉಳಿದುಬಿಟ್ಟಿದೆ. ಇನ್ನೊಬ್ಬರ ಕೈಗೆ ನೆಲ ಕೊಟ್ಟರೆ ವಾಪಸ್ ಬರಲ್ಲ ಅಂತ. ಬೆಂಗಳೂರಿನಲ್ಲಿ ಅಕ್ಕನ ಮನೆ ಪಕ್ಕ ಹದಿನೈದು ವರ್ಷದಿಂದ ಒಂದು ಸೈಟು ಖಾಲಿ ಬಿದ್ದಿದೆ. ಪಾರ್ಥೇನಿಯಂ ಎದೆಮಟ್ಟ, ಕಸದ ಚೀಲಗಳು, ಮಳೆಗಾಲದಲ್ಲಿ ಸೊಳ್ಳೆ. ಅಕ್ಕ ಟೆರೇಸ್ ಮೇಲೆ ಬಕೆಟ್‌ಗಳಲ್ಲಿ ಟೊಮ್ಯಾಟೊ ಬೆಳೆಯುತ್ತಾಳೆ. ಕೆಳಗೆ ನೆಲ ಸುಮ್ನೆ ಬಿದ್ದಿದೆ. ಸೊಪ್ಪು ಹಾಕಿಕೊಳ್ಳಲಾ ಅಂತ ಮಾಲೀಕರನ್ನು ಕೇಳಿದರೆ, ಬೇಡಮ್ಮ, ಆಮೇಲೆ ತೊಂದರೆ ಅಂದರಂತೆ. ಅವರು ಕೆಟ್ಟವರಲ್ಲ. ಹೇಗೆ ಕೊಡೋದು, ಹೇಗೆ ವಾಪಸ್ ತಗೊಳ್ಳೋದು ಅಂತ ಇಬ್ಬರೂ ನಂಬುವಂಥ ಒಂದು ಕಾಗದ ಅವರ ಮುಂದಿಲ್ಲ.

ಇಂಗ್ಲೆಂಡಿನಲ್ಲಿ 1908ರ ಕಾಯ್ದೆ ಪ್ರಕಾರ ಆರು ಜನ ಮತದಾರರು ಸೇರಿ ಅಲಾಟ್‌ಮೆಂಟ್ ಬೇಕು ಅಂತ ಬರೆದರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ನಮ್ಮ ಪಾಲಿಕೆಗಳಲ್ಲೂ ವಾರ್ಡಿಗೊಂದು ಇಂಥ ಜಾಗ ಬರಲಿ ಅನ್ನೋದು ನನ್ನ ಆಸೆ. ಅದಕ್ಕೆ ಕಾಯುತ್ತಾ ಕೂರದೆ ಅಕ್ಕನಿಗೆ ಒಂದು ಪುಟದ ಕರಾರು ಬರೆದು ಕಳಿಸಿದ್ದೇನೆ. ಹನ್ನೊಂದು ತಿಂಗಳು. ಮರ ನೆಡುವುದಿಲ್ಲ, ಶೆಡ್ ಕಟ್ಟುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಕಿತ್ತು ಹಾಕುತ್ತೇವೆ. ನಿಮಗೆ ಮನೆ ಕಟ್ಟಬೇಕಾದರೆ ಮೂರು ತಿಂಗಳು ಮುಂಚೆ ಹೇಳಿ, ಅವರೆ ನಿಂತಿದ್ದರೆ ಕಾಯಿ ಬಿಡಿಸಿಕೊಳ್ಳುವವರೆಗೆ ತಡೆಯಿರಿ. ಆ ಕೊನೇ ಸಾಲನ್ನು ಮಾಲೀಕರು ಎರಡು ಸಲ ಓದಿಸಿಕೊಂಡರಂತೆ. ಮಗನನ್ನು ಕೇಳಿ ಹೇಳ್ತೀನಿ ಅಂದಿದ್ದಾರೆ.