ಮೆಕ್ಕೆಜೋಳ ಕೊಯ್ದ ಮೇಲೆ ಬರುವ ಗಾಳಿ

ಮೊನ್ನೆ ನಮ್ಮ ದಾರಿಯ ಮೆಕ್ಕೆಜೋಳ ಕೊಯ್ದರು. ನನ್ನ ಲೆಕ್ಕದಲ್ಲಿ ಬೇಸಿಗೆ ಮುಗಿಯಿತು. ಕ್ಯಾಲೆಂಡರ್ ಏನಾದರೂ ಹೇಳಿಕೊಳ್ಳಲಿ.

ನಾನಿರುವುದು ನೆದರ್‌ಲ್ಯಾಂಡ್ಸ್‌ನ ನ್ಯೂನನ್ ಅನ್ನೋ ಸಣ್ಣ ಊರಲ್ಲಿ. ಚಿತ್ರಕಾರ ವ್ಯಾನ್ ಗೋ 1883ರಿಂದ 1885ರವರೆಗೆ ಇದ್ದ ಊರು. ಕೆಲಸ ಪಕ್ಕದ ಐಂಡ್‌ಹೋವನ್‌ನಲ್ಲಿ. ಹೋಗೋಕೆ ಎಂಟು ಕಿಲೋಮೀಟರ್, ಬರೋಕೆ ಎಂಟು, ಸೈಕಲ್‌ನಲ್ಲಿ. ಮಧ್ಯೆ ಸ್ವಲ್ಪ ದೂರ ಎರಡೂ ಕಡೆ ಮೆಕ್ಕೆಜೋಳದ ಹೊಲ. ದಾವಣಗೆರೆ ಕಡೆಯವರು ಬಂದರೆ ಒಂದು ಕ್ಷಣ ತಮ್ಮೂರೇ ಅಂದುಕೊಂಡಾರು. ಆದರೆ ಇಲ್ಲಿ ಹೆಚ್ಚಿನವರು ತೆನೆ ಬಿಡಿಸೋದಿಲ್ಲ, ಗಿಡ ಸಮೇತ ಕತ್ತರಿಸಿ ದನದ ಮೇವಿಗೆ ಹಾಕುತ್ತಾರೆ. ಆಳೆತ್ತರಕ್ಕಿಂತ ಮೇಲೆ ಬೆಳೆದ ಆ ಎರಡು ಗೋಡೆಗಳ ನಡುವೆ ಸೈಕಲ್ ತುಳಿಯುವಾಗ ಗಾಳಿ ಇದೆ ಅನ್ನೋದೇ ಗೊತ್ತಾಗೋದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೋದರೆ ಗೋಡೆನೇ ಇಲ್ಲ. ನೆಲದಲ್ಲಿ ಬರೀ ಕೂಳೆ. ರಸ್ತೆ ಮೇಲೆ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಕೆಸರಿನ ಹೆಂಟೆ. ಮೂರು ತಿಂಗಳು ಮರೆಯಾಗಿದ್ದ ಗಾಳಿ ನೇರ ಎದೆಗೆ ಕೈಯಿಟ್ಟು ತಳ್ಳುತ್ತದೆ.

ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ನೈಋತ್ಯದಿಂದ. ನನ್ನ ಆಫೀಸು ಪಶ್ಚಿಮಕ್ಕೆ. ಅಂದರೆ ಬೆಳಿಗ್ಗೆ ಹೋಗುವಾಗ ಎದುರು ಗಾಳಿ, ಸಂಜೆ ಬರುವಾಗ ಬೆನ್ನಿಗೆ ಗಾಳಿ. ದೇವರು ನನಗೆ ಮಾಡಿದ ಒಂದು ಉಪಕಾರ ಅಂದರೆ ಇದು. ಉಲ್ಟಾ ಆಗಿದ್ದರೆ ಎಂದೋ ಕಾರು ತೆಗೆದುಕೊಂಡಿರುತ್ತಿದ್ದೆ.

ನನಗೆ ವರ್ಷದಲ್ಲಿ ಇಷ್ಟವಾದ ಸೈಕಲ್ ದಿನಗಳು ಯಾವುವು ಅಂದರೆ ಇವೇ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಬೇಸಿಗೆಯಲ್ಲಿ ಸೈಕಲ್ ದಾರಿ ಜಾತ್ರೆ ಥರ ಇರುತ್ತದೆ. ಪ್ರವಾಸಿಗರು, ಗಂಡ ಹೆಂಡತಿ ಒಂದೇ ಬಣ್ಣದ ಜಾಕೆಟ್ ಹಾಕಿಕೊಂಡು ಹೊರಟ ಅಜ್ಜ ಅಜ್ಜಿ ಜೋಡಿಗಳು, ರೇಸ್ ಸೈಕಲ್ಲಿನ ಗುಂಪುಗಳು. ಈಗ ಅವರೆಲ್ಲ ಕಮ್ಮಿಯಾಗಿದ್ದಾರೆ. ಉಳಿದವರು ನಾವು, ಕೆಲಸಕ್ಕೆ ಹೋಗೋರು, ಸ್ಕೂಲಿಗೆ ಹೋಗೋ ಮಕ್ಕಳು. ಬೆಳಿಗ್ಗೆ ಹೊಲದ ಮೇಲೆ ಮೊಣಕಾಲೆತ್ತರದ ಮಂಜು. ಹಸುಗಳಿಗೆ ಕಾಲೇ ಇಲ್ಲವೇನೋ ಅನ್ನೋ ಹಾಗೆ ಕಾಣುತ್ತದೆ. ಮೇಲೆ ಬಾತುಗಳ ಸಾಲು ಕೂಗಿಕೊಂಡು ಹೋಗುತ್ತದೆ. ಓಕ್ ಮರದ ಕಾಯಿ ಚಕ್ರದ ಕೆಳಗೆ ಸಿಕ್ಕಿ ಪಟ್ ಅನ್ನುತ್ತದೆ. ಮೊದಲ ವರ್ಷ ಆ ಸದ್ದಿಗೆ ಟ್ಯೂಬು ಹೋಯಿತು ಅಂತ ನಾಲ್ಕು ಸಲ ಇಳಿದು ನೋಡಿದ್ದೆ.

ಆದರೆ ಇದು ಸುಮ್ನೆ ಚಂದ ಹೇಳೋ ಪೋಸ್ಟ್ ಅಲ್ಲ. ತೊಂದರೆನೂ ಹೇಳ್ತೀನಿ.

ಮೊದಲನೆಯದು ಕತ್ತಲೆ. ಜೂನ್ ಕೊನೆಯಲ್ಲಿ ಇಲ್ಲಿ ರಾತ್ರಿ ಹತ್ತಕ್ಕೆ ಸೂರ್ಯ ಮುಳುಗುತ್ತಾನೆ. ಅಕ್ಟೋಬರ್ ಮಧ್ಯಕ್ಕೆ ಬಂದರೆ ಬೆಳಿಗ್ಗೆ ಎಂಟಾದರೂ ಅವನ ಸುಳಿವಿಲ್ಲ. ಆಮೇಲೆ ತಿಂಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ಸೋಮವಾರ ಆಫೀಸಿನಿಂದ ಹೊರಬಂದರೆ ಕತ್ತಲು. ನಿನ್ನೆಯವರೆಗೆ ಇದ್ದ ಸಂಜೆಯನ್ನು ಯಾರೋ ಕದ್ದ ಹಾಗೆ. ಹಾಗಾಗಿ ಲೈಟು ಕಡ್ಡಾಯ. ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು, ಮಿಣಮಿಣ ಮಿನುಗುವಂತಿಲ್ಲ. ಇಲ್ಲದಿದ್ದರೆ ಪೊಲೀಸರು ದಂಡ ಹಾಕುತ್ತಾರೆ.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ನಕ್ಕರು. ಅವರ ಕಾಲದಲ್ಲಿ ತಿಪಟೂರಿನಲ್ಲೂ ಲೈಟಿಲ್ಲದ ಸೈಕಲ್ ಹಿಡಿಯುತ್ತಿದ್ದರಂತೆ. ಸೀಮೆಎಣ್ಣೆ ದೀಪ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದರಂತೆ, ಗಾಳಿಗೆ ಆರಿದರೆ ಇಳಿದು ತಳ್ಳಿಕೊಂಡು. ನನ್ನ ಕಾಲಕ್ಕೆ ಡೈನಮೋ ಬಂದಿತ್ತು. ಅದನ್ನು ಟೈರಿಗೆ ತಾಗಿಸಿದ ಕೂಡಲೇ ಪೆಡಲು ಒಂದು ಮೂಟೆ ಹೇರಿದಷ್ಟು ಭಾರ. ಒಳಪೆಡ್ಲು ಹೊಡೆಯುತ್ತಿದ್ದ ನನ್ನ ಕಾಲಿಗೆ ಅದು ಆಗುತ್ತಲೇ ಇರಲಿಲ್ಲ. ಈಗಿನ ಡೈನಮೋ ಚಕ್ರದ ನಡುವಿನ ಹಬ್ಬಿನೊಳಗೇ ಇರುತ್ತದೆ. ಉರಿಯುತ್ತಿದೆ ಅಂತಲೂ ಗೊತ್ತಾಗೋದಿಲ್ಲ.

ನಮ್ಮ ಕಡೆ ಒಂದು ಮಜದ ದಾರಿಯೂ ಇದೆ. ನ್ಯೂನನ್‌ಗೂ ಐಂಡ್‌ಹೋವನ್‌ಗೂ ನಡುವೆ, 2014ರ ನವೆಂಬರ್‌ನಲ್ಲಿ ಶುರುವಾದದ್ದು. ನೆಲದಲ್ಲಿ ಸಾವಿರಾರು ಸಣ್ಣ ಕಲ್ಲು ಕೂರಿಸಿದ್ದಾರೆ. ಹಗಲು ಬೆಳಕು ಕುಡಿದು ರಾತ್ರಿ ಹಸಿರು ನೀಲಿಯಾಗಿ ಮಿನುಗುತ್ತವೆ, ವ್ಯಾನ್ ಗೋ ಬಿಡಿಸಿದ ರಾತ್ರಿಯ ಆಕಾಶದ ಥರ ಸುಳಿ ಸುಳಿಯಾಗಿ. ಊರಿನಿಂದ ಯಾರು ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಬೆಳಕು ಜಾಸ್ತಿ ಏನಿಲ್ಲ, ಓದೋಕೆ ಆಗುತ್ತೆ ಅಂದುಕೊಳ್ಳಬೇಡಿ. ಆದರೆ ಮೊದಲ ಸಲ ನೋಡಿದಾಗ ಎಲ್ಲರೂ ಸುಮ್ಮನಾಗುತ್ತಾರೆ.

ಕತ್ತಲೆಗಿಂತ ನನಗೆ ಭಯ ಈ ತಿಂಗಳ ಬಿಸಿಲಿನದು. ಸೂರ್ಯ ತುಂಬ ಕೆಳಗಿರುತ್ತಾನೆ. ನಾನು ಬೆಳಿಗ್ಗೆ ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ ಹೋಗುವವಳು, ಎರಡೂ ಹೊತ್ತು ಬಿಸಿಲು ನನ್ನ ಬೆನ್ನಿಗೆ. ನನಗೆಲ್ಲ ಸ್ಪಷ್ಟ. ಎದುರಿಂದ ಬರೋ ಕಾರಿನವನಿಗೆ ಮಾತ್ರ ಅದು ಕಣ್ಣಿಗೆ ಕುಕ್ಕುತ್ತದೆ, ನಾನು ಕಾಣುವುದೇ ಇಲ್ಲ. ಇದು ಅರ್ಥ ಆಗೋಕೆ ಎರಡು ವರ್ಷ ಬೇಕಾಯಿತು. ಈಗ ಕ್ರಾಸ್ ಬಂದರೆ, ನನ್ನ ದಾರಿಯೇ ಮೊದಲು ಅಂತ ಗುರುತಿದ್ದರೂ, ಅವನ ಮುಖ ನೋಡಿಯೇ ಮುಂದೆ ಹೋಗುವುದು.

ಎರಡನೆಯದು ಎಲೆ. ಫೋಟೋದಲ್ಲಿ ಚಂದ. ಒದ್ದೆಯಾದರೆ ಬಾಳೆಹಣ್ಣಿನ ಸಿಪ್ಪೆ. ಮೂರು ವರ್ಷದ ಹಿಂದೆ ಇಟ್ಟಿಗೆ ಹಾಸಿದ ಒಂದು ತಿರುವಿನಲ್ಲಿ ಎಲೆ ಮೇಲೆ ಬ್ರೇಕ್ ಹಿಡಿದೆ. ಸೈಕಲ್ ಒಂದು ಕಡೆ, ನಾನು ಒಂದು ಕಡೆ, ಊಟದ ಡಬ್ಬಿ ಇನ್ನೊಂದು ಕಡೆ. ಚಿತ್ರಾನ್ನವೆಲ್ಲ ಮೇಪಲ್ ಎಲೆ ಮೇಲೆ ಚೆಲ್ಲಿ, ಎಲೆ ಊಟದ ಥರವೇ ಕಾಣುತ್ತಿತ್ತು! ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು ಇಳಿದು ಎಬ್ಬಿಸಿದರು. ಎಲೆ ಕಂಡರೆ ಬ್ರೇಕ್ ಮೊದಲೇ ಹಿಡಿ, ಎಲೆ ಮೇಲೆ ಬಂದಾಗ ಹ್ಯಾಂಡಲ್ಲೂ ತಿರುಗಿಸಬೇಡ, ಬ್ರೇಕೂ ಮುಟ್ಟಬೇಡ ಅಂದರು. ಅವರು ಎಪ್ಪತ್ತು ದಾಟಿದವರು. ಹೇಳಿ ಸೈಕಲ್ ಹತ್ತಿ ನನಗಿಂತ ಜೋರಾಗಿ ಹೋದರು.

ಇನ್ನು ಟೈರಿನ ಗಾಳಿ. ಚಳಿ ಶುರುವಾದ ಕೂಡಲೇ ಎಲ್ಲರೂ ಪಂಕ್ಚರ್ ಅಂದುಕೊಳ್ಳುತ್ತಾರೆ. ಪಂಕ್ಚರ್ ಅಲ್ಲ, ಪಿಯುಸಿ ಫಿಸಿಕ್ಸು: ತಣ್ಣಗಾದರೆ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ. 25 ಡಿಗ್ರಿಯಲ್ಲಿ 4 ಬಾರ್ ತುಂಬಿಸಿದ ಟ್ಯೂಬು 5 ಡಿಗ್ರಿಗೆ ಬಂದರೆ ಒಂದು ಬಾರ್‌ನ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ತಿಂಗಳಿಗೆರಡು ಸಲ ಪಂಪ್ ಹೊಡೆಯಿರಿ, ಅಷ್ಟೇ.

ಮಳೆ ಬಗ್ಗೆ ಇಲ್ಲಿಯವರದೊಂದು ಮಾತಿದೆ. "ನೀನೇನು ಸಕ್ಕರೆಯಿಂದ ಮಾಡಿದವಳಲ್ಲವಲ್ಲ" ಅಂತ. ಮಳೆ ಅಂತ ಹೊರಗೆ ಹೋಗೋಕೆ ಹಿಂದೆಮುಂದೆ ನೋಡೋರಿಗೆ ಹೇಳೋದು. ಮೊದಲು ಕೇಳಿದಾಗ ನನಗೆ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಯಿತು. ಒಂಬತ್ತು ವರ್ಷದ ಮಗಳಿಗೆ ಈಗ ಈ ಮಾತೇ ಬೆಳಗಿನ ಸುಪ್ರಭಾತ. ಅಮ್ಮ ಮಾತ್ರ ಒಪ್ಪೋದಿಲ್ಲ. ವಿಡಿಯೋ ಕಾಲ್‌ನಲ್ಲಿ, "ಈ ಚಳೀಲಿ ಮಗೂನ ಸೈಕಲ್ಲಲ್ಲಿ ಕಳಿಸ್ತೀಯಲ್ಲೇ, ಕಿವಿಗೆ ಗಾಳಿ ಹೊಕ್ಕಿದ್ರೆ? ಹತ್ತಿ ಇಡು. ಮಂಕಿ ಟೋಪಿ ಕಳಿಸಿದ್ನಲ್ಲ, ಎಲ್ಲಿ?" ಅಂತಾರೆ. ಬಸ್ಸಿಲ್ವಾ ಅಂತಲೂ ಕೇಳುತ್ತಾರೆ. ಇದೆ ಅಮ್ಮ. ಆದರೆ ಅವಳ ಕ್ಲಾಸಿನ ಮಕ್ಕಳೆಲ್ಲ ಸೈಕಲ್ಲಲ್ಲೇ ಬರೋದು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಈ ಪೋಸ್ಟ್ ಬರೆಸಿದ್ದು ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ. ಹೋದ ವಾರ ಸ್ಟೇಟಸ್‌ನಲ್ಲಿ ಮಂಜಿನ ಫೋಟೋ ಹಾಕಿದ್ದೆ. ಅದಕ್ಕೆ ಅವನು, "ನಿಂಗೇನಕ್ಕ, ತಂಪು ಊರು, ದಿಬ್ಬ ಇಲ್ಲ, ಬೆವರಲ್ಲ. ಇಲ್ಲಿ ತುಳಿದು ತೋರಿಸು ನೋಡೋಣ" ಅಂದ. ತುಂಬ ಜನ ಹೀಗೇ ಅಂದುಕೊಂಡಿದ್ದಾರೆ. ಇಲ್ಲಿಯ ಹವೆ ಸೈಕಲ್‌ಗೆ ಅಂತಲೇ ಮಾಡಿಸಿದ್ದು ಅನ್ನೋ ಹಾಗೆ.

ದಿಬ್ಬ ಇಲ್ಲ, ನಿಜ. ದಿಬ್ಬದ ಬದಲು ಗಾಳಿ ಇದೆ. ದಿಬ್ಬವಾದರೂ ಹತ್ತಿದರೆ ಇಳಿಜಾರು ಸಿಗುತ್ತದೆ, ಗಾಳಿಗೆ ಆ ಮರ್ಯಾದೆಯೂ ಇಲ್ಲ. ಇವರು ಅದರ ಮೇಲೂ ಒಂದು ಸ್ಪರ್ಧೆ ಮಾಡಿಕೊಂಡಿದ್ದಾರೆ, 2013ರಿಂದ. ಇಲ್ಲಿನ ಝೀಲ್ಯಾಂಡ್ ಪ್ರಾಂತ್ಯದಲ್ಲಿ ಸಮುದ್ರದ ನೀರು ತಡೆಯೋಕೆ ಕಟ್ಟಿದ ದೊಡ್ಡ ತಡೆಗೋಡೆ ಮೇಲೆ, ಬಿರುಗಾಳಿ ಬರುವ ದಿನ ನೋಡಿಕೊಂಡು, ಗೇರಿಲ್ಲದ ಮಾಮೂಲಿ ಸೈಕಲ್ಲಿನಲ್ಲಿ ಎದುರು ಗಾಳಿಗೆ 8.5 ಕಿಲೋಮೀಟರ್ ತುಳಿಯುವುದು. ಗಾಳಿ ಕಮ್ಮಿಯಿದ್ದರೆ ಸ್ಪರ್ಧೆಯೇ ಇಲ್ಲ. ಇಂಥ ಹುಚ್ಚು ನಮ್ಮಲ್ಲಿ ಕಂಬಳಕ್ಕೆ ಮಾತ್ರ ನೋಡಿದ್ದೇನೆ.

ಹವೆಯೇ ಕಾರಣವಾಗಿದ್ದರೆ ಅಕ್ಟೋಬರ್ ಬಂದ ಕೂಡಲೇ ಇವರೆಲ್ಲ ಸೈಕಲ್ ಒಳಗಿಡಬೇಕಿತ್ತು. ಇಡೋದಿಲ್ಲ. ಒಂದು ಕೋಟಿ ಎಂಬತ್ತು ಲಕ್ಷ ಜನರ ದೇಶದಲ್ಲಿ ಎರಡು ಕೋಟಿ ಮೂವತ್ತು ಲಕ್ಷದಷ್ಟು ಸೈಕಲ್ ಇದೆ. ಬೇಸಿಗೆಯ ಸೈಕಲ್ ಯಾವ ಊರಲ್ಲಾದರೂ ಶೋಕಿಯಾಗಬಹುದು. ಐದು ಡಿಗ್ರಿಯಲ್ಲಿ, ಜಿನುಗು ಮಳೆಯಲ್ಲಿ, ಕತ್ತಲಲ್ಲಿ ಮಕ್ಕಳು ಒಂಟಿಯಾಗಿ ಸೈಕಲ್ ತುಳಿದು ಸ್ಕೂಲಿಗೆ ಹೋಗುತ್ತಾರೆ ಅಂದರೆ ಆ ದಾರಿಯನ್ನು ಅಪ್ಪ ಅಮ್ಮ ನಂಬಿದ್ದಾರೆ ಅಂತ ಅರ್ಥ.

ಆ ನಂಬಿಕೆ ಸುಮ್ಮನೆ ಬಂದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇವರೂ ಕಾರಿನ ಹಿಂದೆ ಬಿದ್ದವರೇ. ಕಾರಿಗೆ ಜಾಗ ಬೇಕು ಅಂತ ಊರೊಳಗಿನ ಕಟ್ಟಡ ಕೆಡವಿದರು. 1971ರಲ್ಲಿ ಒಂದೇ ವರ್ಷ ರಸ್ತೆಯಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಹಾಗೆ ಕಳೆದುಕೊಂಡ ಪತ್ರಕರ್ತರೊಬ್ಬರು ಬರೆದ ಲೇಖನದ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು: ಮಕ್ಕಳ ಕೊಲೆ ನಿಲ್ಲಿಸಿ. ಅಮ್ಮಂದಿರು, ಅಪ್ಪಂದಿರು ರಸ್ತೆಯಲ್ಲಿ ಕೂತರು. ಅದೇ ಹೊತ್ತಿಗೆ ತೈಲ ಬಿಕ್ಕಟ್ಟು ಬಂತು. ಪೆಟ್ರೋಲ್ ಉಳಿಸೋಕೆ ಭಾನುವಾರ ಕಾರು ಓಡಿಸಬಾರದು ಅಂತ ಸರ್ಕಾರ ಹೇಳಿತು. ಅಂಥ ಮೊದಲ ಭಾನುವಾರ 1973ರ ನವೆಂಬರ್ 4. ಗಮನಿಸಿ, ನವೆಂಬರ್. ಜನ ಕಾರಿಲ್ಲದ ದೊಡ್ಡ ಹೆದ್ದಾರಿಗೆ ಸೈಕಲ್ ಇಳಿಸಿದ್ದು ಬೇಸಿಗೆಯಲ್ಲಲ್ಲ, ಈಗ ನಾನು ಮಫ್ಲರ್ ಹುಡುಕುವ ತಿಂಗಳಲ್ಲಿ. ಮುಂದಿನ ವರ್ಷಗಳಲ್ಲಿ ಒಂದೊಂದೇ ದಾರಿ, ಒಂದೊಂದೇ ಕ್ರಾಸ್ ಬದಲಾಯಿತು.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. "ಸರಿ ಅಕ್ಕ, ಆದ್ರೆ ಬೆವರು?" ಅಂದ. ಮೂರು ಸಾವಿರ ಅಡಿ ಎತ್ತರದಲ್ಲಿ ಕೂತಿರುವ ಊರು ಅವನದು. ನವೆಂಬರ್ ಬೆಳಿಗ್ಗೆ 17, 18 ಡಿಗ್ರಿ. ಆ ಹವೆ ಇಲ್ಲಿ ಒಂದು ದಿನ ಸಿಕ್ಕಿದರೆ ಆಫೀಸಿಗೆ ಅರ್ಧ ದಿನ ರಜೆ ಹಾಕೋರಿದ್ದಾರೆ. ಅವನ ಹತ್ತಿರ ಗೇರಿನ ಸೈಕಲ್ಲೂ ಇದೆ. ಬಾಲ್ಕನಿಯಲ್ಲಿ. ಅದರ ಮೇಲೆ ಟವೆಲ್ ಒಣಗುತ್ತದೆ. ಅವನನ್ನು ನಾನು ಬಯ್ಯೋದಿಲ್ಲ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್‌ಗೆ ಅಂತ ಒಂದು ಪಟ್ಟಿ ಮಾಡಿದಾಗ ಅವನೂ ಖುಷಿಯಿಂದ ಇಳಿದಿದ್ದ. ಬೈಕುಗಳು ನುಗ್ಗಿದವು, ಕಂಬ ಮುರಿದವು, ಅವನು ಮನೆಗೆ ಬಂದ.

ಹಾಗಂತ ಅಲ್ಲಿ ಸೈಕಲ್ ತುಳಿಯೋರಿಲ್ಲವಾ? ಪೇಪರ್ ಹಾಕೋ ಹುಡುಗ, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿ, ಕ್ಯಾರಿಯರ್‌ಗೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರೋರು. ಬಿಸಿಲು, ಮಳೆ, ಲಾರಿ ಹೊಗೆ ಯಾವುದೂ ನೋಡದೆ ತುಳಿಯುತ್ತಾರೆ. ಅವರನ್ನು ಯಾರೂ "ಸೈಕ್ಲಿಸ್ಟ್" ಅನ್ನೋದಿಲ್ಲ. 2006ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಾಗ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಹೈಸ್ಕೂಲಿಗೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಕೈಯಲ್ಲಿ ಹ್ಯಾಂಡಲ್, ಒಂದು ಕೈಯಲ್ಲಿ ಕೊಡೆ. ಅವರೂ ಸಕ್ಕರೆ ಗೊಂಬೆಗಳಲ್ಲ. ಸೈಕಲ್ ಕೊಟ್ಟರು, ದಾರಿ ಕೊಡಲಿಲ್ಲ. ನನ್ನ ತಕರಾರು ಇಷ್ಟೇ.

ಹವೆ ಮೇಲೆ ತಪ್ಪು ಹಾಕೋದು ಸುಲಭ, ಹವೆ ತಿರುಗಿ ಮಾತಾಡೋದಿಲ್ಲ ನೋಡಿ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಚಳಿಗೆ ಮುಂಚೆ ಸೈಕಲ್ ರೆಡಿ ಮಾಡಿಕೊಳ್ಳಿ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನಮಗೆ ಅದಕ್ಕೆ ಹಬ್ಬವೇ ಇದೆ, ಸರಿಯಾಗಿ ಈ ಹೊತ್ತಿಗೇ ಬರುತ್ತದೆ. ಆಯುಧ ಪೂಜೆಗೆ ಮೂರೂ ಸೈಕಲ್ ತೊಳೆದೆ. ಇಲ್ಲಿ ಈ ಕಾಲಕ್ಕೆ ಎಲ್ಲ ಅಂಗಡಿ ಮುಂದೆ ಸೇವಂತಿಗೆ ಕುಂಡ ಇಟ್ಟಿರುತ್ತಾರೆ, ಹೂವಿಗೆ ಬರವಿಲ್ಲ. ಹ್ಯಾಂಡಲ್ಲಿಗೆ ಹೂವು, ಮಡ್‌ಗಾರ್ಡಿಗೆ ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಮಗಳು ಒಂದೊಂದಾಗಿ ನಿಂಬೆಹಣ್ಣಿನ ಮೇಲೆ ಸೈಕಲ್ ಹತ್ತಿಸಿದಳು. ಪಕ್ಕದ ಮನೆ ಅಜ್ಜ ಬೇಲಿಯಾಚೆಯಿಂದ ಎಲ್ಲ ನೋಡುತ್ತಿದ್ದರು. ಇದು ಯಾಕೆ ಅಂತ ಕೇಳಿದರು. ವರ್ಷವಿಡೀ ಸೈಕಲ್ ಕೈಕೊಡದೇ ಇರಲಿ ಅಂತ ಅಂದೆ. ಅವರು ಬಂದು ಬಗ್ಗಿ, ಚೈನನ್ನು ಒಂದು ಬೆರಳಲ್ಲಿ ಎತ್ತಿ ನೋಡಿದರು. "ಇಷ್ಟು ಸಡಿಲ ಇದ್ದರೆ ಕೈಕೊಡುತ್ತದೆ" ಅಂದು ಮನೆಗೆ ಹೋಗಿ ಸ್ಪ್ಯಾನರ್ ತಂದರು.

ಅಂಗಳದ ಇಟ್ಟಿಗೆ ಮೇಲೆ ಕುಂಕುಮದ ಕಲೆ ಇನ್ನೂ ಹೋಗಿಲ್ಲ. ಚೈನು ಸದ್ದು ಮಾಡುತ್ತಿಲ್ಲ. ನಾಳೆ ಬೆಳಿಗ್ಗೆ ಆರು ಡಿಗ್ರಿ ಅಂತೆ. ಅಮ್ಮ ಕಳಿಸಿದ ಮಂಕಿ ಟೋಪಿ ಯಾವ ಸೂಟ್‌ಕೇಸಲ್ಲಿದೆ ಅಂತ ಹುಡುಕಬೇಕು.